ಕಲ್ಲಿಗೆ ಕೊಟ್ಟ ಕಂಠ

ನನ್ನ ಮೊಮ್ಮಗಳು ವಸ್ತುಪ್ರದರ್ಶನಗಳನ್ನು ಸಜ್ಜುಗೊಳಿಸುವ ವಿದ್ಯೆಯನ್ನು ಕಲಿಯುತ್ತಿರುವಳು. ಇಂಥದೂ ಒಂದು ವಿದ್ಯೆಯೇ ಎಂದು ಮೊದಲು ನಗೆಯಾಡಿದ್ದೆನು. ಕಳೆದ ಬೇಸಗೆಯಲ್ಲಿ ಅವಳು ನನ್ನನ್ನು ಬೆಂಗಳೂರಿನ ಜಯಪ್ರಕಾಶ ನಗರದಲ್ಲಿ 2019ರಲ್ಲಿ ತೆರೆದ 'ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್' ಎಂಬ ಸಂಗೀತದ ಸಂಗ್ರಹಾಲಯಕ್ಕೆ ಕರೆದೊಯ್ದ ಮೇಲೆ ನಗುವುದನ್ನು ಬಿಟ್ಟೆನು. "ಮುಟ್ಟಬೇಡಿರಿ" ಎಂಬ ಫಲಕಗಳನ್ನೇ ಕಂಡು ಬೆಳೆದವನಿಗೆ, ಅಲ್ಲಿಯ ನಾದವನದಲ್ಲಿ ಕಲ್ಲನ್ನು ತಟ್ಟಿ ಕೇಳಿರೆಂದು ಕರೆಯುವುದೇ ಸೋಜಿಗ. ಒಂದು ಕಲ್ಲಿನ ಪೊಳ್ಳಿನಲ್ಲಿ ತಲೆಯಿಟ್ಟು ಗುನುಗಿದೆನು. ನನ್ನ ದನಿ ನನ್ನ ಎಲುಬಿಗೇ ಬಂದು ತಾಕಿತು.

ಒಳಗಿನ ಕೋಣೆಗಳಲ್ಲಿ ಕಿವಿಗೆ ಧರಿಸಿ ಕೇಳುವ ಸಾಧನಗಳಿದ್ದುವು. ಅದರ ಕಾರಣವನ್ನು ಅವಳೇ ವಿವರಿಸಿದಳು. ಚಿತ್ರವು ತನ್ನ ಚೌಕಟ್ಟಿನೊಳಗೆ ಅಡಗಿರುವುದು. ದನಿಯಾದರೋ ನೆರೆಯ ಕೋಣೆಗೂ ಹರಿದು ಅಲ್ಲಿಯ ದನಿಯೊಡನೆ ಕಲಹಕ್ಕೆ ನಿಲ್ಲುವುದು. ಎಲ್ಲಿ ಕೇಳಬೇಕು, ಎಲ್ಲಿ ಕೇಳಬಾರದು ಎಂಬ ಗೆರೆಯನ್ನೆಳೆಯುವುದೇ ಈ ಕಲೆಯಲ್ಲಿ ಅರ್ಧ ಕೆಲಸವಂತೆ. ಆಮ್‌ಸ್ಟರ್‌ಡ್ಯಾಮಿನ ಸ್ಟೆಡೆಲಿಕ್ ಸಂಗ್ರಹಾಲಯದವರು 1952ರಲ್ಲಿಯೇ ನೋಡುಗರ ಕಿವಿಗೆ ರೇಡಿಯೋ ಮೂಲಕ ವಿವರಣೆಯನ್ನು ಮುಟ್ಟಿಸಿದ್ದರು. ಶಿಕಾರಿಪುರದಲ್ಲಿ ಒಂದೇ ಕೊಠಡಿಯಲ್ಲಿ ಎರಡು ತರಗತಿಗಳನ್ನು ನಡೆಸಿದ ನನಗೆ ಈ ಕಷ್ಟವನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಊರಿಗೆ ಬಂದವಳು ತನ್ನ ಪರೀಕ್ಷೆಯ ಪ್ರದರ್ಶನಕ್ಕೆ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬವನ್ನೇ ಆರಿಸಿಕೊಂಡಳು. ಪ್ರಣವೇಶ್ವರನ ಗುಡಿಯ ಮುಂದಿರುವ ಆ ಕಂಬದಲ್ಲಿ, ಐದನೆಯ ಶತಮಾನದಲ್ಲಿ ಕದಂಬ ಶಾಂತಿವರ್ಮನ ಕಾಲದ ಕುಬ್ಜನೆಂಬ ಕವಿಯು ರಚಿಸಿದ 34 ಸಂಸ್ಕೃತ ಪದ್ಯಗಳಿವೆ. ಸಾಲುಗಳು ಕಂಬದ ಉದ್ದಕ್ಕೆ ನಿಂತಿರುವುದರಿಂದ ಕತ್ತನ್ನು ಓರೆಮಾಡದೆ ಓದಲಾಗದು. ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದುದಾಗಿ ಕವಿಯು ಹೇಳಿಕೊಂಡಿರುವನು. ಆದರೂ ಛಂದಸ್ಸಿನಲ್ಲಿ ಕಟ್ಟಿದ ಮಾತು ಕಿವಿಗಾಗಿ ಹುಟ್ಟಿದುದು. ಇಂದು ಬರುವವರು ಭಾವಚಿತ್ರ ತೆಗೆದುಕೊಂಡು ಹೋಗುವರು. ಒಂದು ಪದ್ಯವನ್ನೂ ಕೇಳಿರುವುದಿಲ್ಲ.

"ಅಜ್ಜಯ್ಯ, ಮಯೂರಶರ್ಮನಿಗೂ ಪಲ್ಲವರ ಕುದುರೆಸವಾರನಿಗೂ ಜಗಳವಾಗುವಲ್ಲಿ ಗೊರಸಿನ ಸದ್ದು ಹಾಕಲೇ?" ಎಂದು ಕೇಳಿದಳು. ನಾನು ಒಪ್ಪಲಿಲ್ಲ. ಮಯೂರಶರ್ಮನು ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಹೋದುದು ವೇದಾಧ್ಯಯನಕ್ಕಾಗಿ. ದರ್ಭೆ, ಸಮಿತ್ತು, ಸ್ರುಕ್ಕುಗಳನ್ನು ಹಿಡಿದ ಕೈ ಕತ್ತಿ ಹಿಡಿಯಿತೆಂದು ಕವಿಯು ವರ್ಣಿಸುವನು. ಕುದುರೆಯ ಸದ್ದು ಸಿನಿಮಾದಲ್ಲಿಯೂ ಸಿಕ್ಕೀತು. ಕೇಳಿಸಬೇಕಾದುದು ಅಧ್ಯಯನದ ದನಿ. ಬಳಿಕ ಅದು ತಟ್ಟನೆ ನಿಂತುದು. ಸೊರಬದ ಗುಡಿಗಾರರ ಗಂಧದ ಪೆಟ್ಟಿಗೆಯನ್ನು ಗಾಜಿನೊಳಗಿಟ್ಟು ಕೊಳಲನ್ನು ನುಡಿಸಿದರೆ ಏನು ಬಂತು? ಉಳಿಯ ಮೇಲೆ ಬೀಳುವ ಸಣ್ಣ ಪೆಟ್ಟನ್ನು ಕೇಳಿಸಿದರೆ ಕೆತ್ತಿದ ಕೈ ಕಂಡೀತು.

"ಹಾಗಾದರೆ ದನಿ ನಿಮ್ಮದೇ ಆಗಬೇಕು" ಎಂದಳು. ಸೊರಬದ ನಮ್ಮ ನಡುಮನೆಯಲ್ಲಿ, ಬಾಗಿಲು ಹಾಕಿಕೊಂಡು, ಅವಳ ಮೊಬೈಲಿನ ಮುಂದೆ ಓದಿದೆನು. ತಿರುಗಿ ಕೇಳಿಸಿದಾಗ ನಾಚಿಕೆಯಾಯಿತು. ಮುಂದಿನ ಹಲ್ಲು ಬಿದ್ದ ಬಾಯಲ್ಲಿ ಸಕಾರವೂ ಶಕಾರವೂ ಒಂದಾಗಿದ್ದುವು. ಅದೇ ತಪ್ಪಿಗೆ ನಾನು ಎಷ್ಟು ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆನೋ! ಪಾಠಶಾಲೆಯ ನಮ್ಮ ಗುರುಗಳು ಶ್ಲೋಕ ಹೇಳುತ್ತಿದ್ದ ಧಾಟಿ ನನ್ನ ಕಿವಿಯಲ್ಲಿದೆ, ಗಂಟಲಿನಲ್ಲಿಲ್ಲ. ಅವರ ದನಿಯನ್ನು ಯಾರೂ ಹಿಡಿದಿಡಲಿಲ್ಲ. ಆಗ ನಮಗೆ ಅದು ತೋಚಲೂ ಇಲ್ಲ.

ಇನ್ನೊಂದು ಶಂಕೆಯೂ ಕಾಡಿತು. ಯಂತ್ರದಿಂದ ಬಂದ ದನಿಗೆ ಪ್ರಾಮಾಣ್ಯವು ಬೇಗ ಅಂಟುವುದು. ಕೇಳಿದ ಮಕ್ಕಳು ಕುಬ್ಜನೂ ಹೀಗೆಯೇ ಓದಿದ್ದನೆಂದು ನಂಬಿದರೆ? ಆದುದರಿಂದ "ಇದು ಈ ಕಾಲದ ಒಬ್ಬ ಉಪಾಧ್ಯಾಯನ ಓದು" ಎಂದು ಪಕ್ಕದಲ್ಲಿ ಬರೆಯಬೇಕೆಂದೆನು; ಒಪ್ಪಿದಳು. ಹಲ್ಲು ಗಟ್ಟಿಯಿರುವ ಕಿರಿಯ ವಿದ್ವಾಂಸರನ್ನು ಕರೆಯೆಂದೆನು. ಅದಕ್ಕೆ ಮಾತ್ರ ಒಪ್ಪಲಿಲ್ಲ.

ನಾಲ್ಕನೆಯ ಸಲ ಓದುವಾಗ ನಡುಪದ್ಯದಲ್ಲಿ ಉಸಿರು ಕಟ್ಟಿ ನಿಂತೆನು. ಆ ನಿಲುಗಡೆಯನ್ನೇ ಅಧ್ಯಯನ ಮುರಿದ ಕಡೆಗೆ ಇಟ್ಟುಕೊಳ್ಳುವೆನೆಂದು ಹುಡುಗಿಯ ಹಠ. ಅದು ಮಯೂರಶರ್ಮನ ಮೌನವಲ್ಲ, ನನ್ನ ಉಬ್ಬಸವೆಂದು ನನ್ನ ವಾದ. ದೀಪಾವಳಿಗೆ ಬಂದಾಗ ಮತ್ತೊಮ್ಮೆ ಓದಿಸುವಳಂತೆ. ಅಲ್ಲಿಯವರೆಗೆ ದಿನವೂ ಬೆಳಗ್ಗೆ ಹಿತ್ತಿಲಲ್ಲಿ ನಿಂತು ಸಕಾರವನ್ನು ತಿದ್ದಿಕೊಳ್ಳುತ್ತಿರುವೆನು. ಬೆಕ್ಕನ್ನು ಓಡಿಸುತ್ತಿರುವಿರಾ ಎಂದು ಮನೆಯವಳು ಅಡುಗೆಮನೆಯಿಂದ ಕೇಳುತ್ತಾಳೆ.