ತಮ್ಮ ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದಾನೆ, ನಾವು ಲೆಕ್ಕ ಹಾಕ್ತಾ ಕೂತಿದ್ದೀವಿ

ಉದ್ದದ ಪೋಸ್ಟು, ಪುರುಸೊತ್ತು ಮಾಡ್ಕೊಂಡು ಓದಿ.

ನನ್ನ ತಮ್ಮನನ್ನ ಅವನ ಕಂಪನಿ ಅಮೆರಿಕಕ್ಕೆ ಕಳಿಸ್ತಾ ಇದೆ. ಸ್ಯಾನ್ ಹೋಸೆ ಪಕ್ಕದ ಸನ್ನಿವೇಲ್ ಅನ್ನೋ ಊರು. ಸಿಲಿಕಾನ್ ವ್ಯಾಲಿ ಅಂತ ಪೇಪರಲ್ಲಿ ಓದ್ತೀವಲ್ಲ, ಅದರ ನಡುಮಧ್ಯೆ. ಹೆಂಡತಿ, ಎಂಟು ವರ್ಷದ ಮಗಳು, ಮೂರು ವರ್ಷದ ಮಗ, ಎಲ್ಲರನ್ನೂ ಕರ್ಕೊಂಡು ಹೋಗಬೇಕು. ವಿಷಯ ಗೊತ್ತಾದ ದಿನ ಮಂಡ್ಯ ಕಡೆಯ ನಮ್ಮ ಕೇರಿಯಲ್ಲಿ ಸಕ್ಕರೆ ಹಂಚಿದ್ದಾಯ್ತು. ಅಲ್ಲಿಂದ ವಿಮಾನ ಹತ್ತುವ ಮೊದಲ ಸಂಸಾರ ಇವನದು. ನಮ್ಮಪ್ಪ ಬದುಕಿದ್ದಿದ್ದರೆ ಊರ ಮುಂದೆ ಎರಡು ಸಲ ಓಡಾಡ್ತಿದ್ದರು.

ಸಂಭ್ರಮ ಒಂದು ವಾರ. ಆಮೇಲೆ ಲೆಕ್ಕ ಶುರುವಾಯ್ತು. ಇಪ್ಪತ್ತು ವರ್ಷದಿಂದ ಆಫೀಸಿನಲ್ಲಿ ಬಿಲ್ಲು, ವೋಚರು ನೋಡ್ಕೊಂಡು ಬಂದ ಗುಮಾಸ್ತೆ ನಾನು. ಹಾಗಾಗಿ ಮನೆಯವರು ಈ ಲೆಕ್ಕವನ್ನೂ ನನ್ನ ತಲೆಗೇ ಕಟ್ಟಿದರು.

ಸಂಬಳದ ಅಂಕಿ ಇಲ್ಲಿ ಬರೆಯಲ್ಲ. ರೂಪಾಯಿಗೆ ತಿರುಗಿಸಿದರೆ ಅವ್ವ ಎದೆ ಹಿಡ್ಕೋತಾಳೆ. ಆದರೆ ಖರ್ಚನ್ನೂ ರೂಪಾಯಿಗೆ ತಿರುಗಿಸಬೇಕಲ್ಲ? ಎರಡು ಬೆಡ್‌ರೂಮಿನ ಸಾಧಾರಣ ಮನೆಗೆ ತಮ್ಮ ಇಂಟರ್ನೆಟ್ಟಲ್ಲಿ ನೋಡಿದ ಬಾಡಿಗೆ ತಿಂಗಳಿಗೆ ಮೂರೂವರೆ ಸಾವಿರ ಡಾಲರಿನಿಂದ ಮೇಲೆ. ಅಂದರೆ ಮೂರು ಲಕ್ಷ ರೂಪಾಯಿ ದಾಟಿತು. ಚಿಕ್ಕವನನ್ನ ಡೇ ಕೇರಿಗೆ ಬಿಟ್ಟರೆ ಇನ್ನೆರಡು ಸಾವಿರ ಡಾಲರಿಗೆ ಕಡಿಮೆ ಇಲ್ಲ. ಕಾರಿಲ್ಲದೆ ಹಾಲು ತರೋಕೂ ಆಗಲ್ಲ ಅಂತಾರೆ, ಅದರ ಕಂತು, ಇನ್ಶೂರೆನ್ಸು ಬೇರೆ. ಸಂಬಳದಲ್ಲಿ ನೂರಕ್ಕೆ 6.2ರಷ್ಟು ಸೋಷಿಯಲ್ ಸೆಕ್ಯುರಿಟಿ ಅಂತ ಹಿಡೀತಾರೆ. ಅದರಿಂದ ಪಿಂಚಣಿ ಸಿಗಬೇಕಾದರೆ ಸುಮಾರು ಹತ್ತು ವರ್ಷ ದುಡಿದಿರಬೇಕು. ಭಾರತಕ್ಕೂ ಅಮೆರಿಕಕ್ಕೂ ಇದರ ಬಗ್ಗೆ ಒಪ್ಪಂದ ಇಲ್ಲ, ಇವನ ವೀಸಾ ಐದು ವರ್ಷಕ್ಕಿಂತ ಹೆಚ್ಚು ನಡೆಯಲ್ಲ. ಅಷ್ಟರಲ್ಲಿ ವಾಪಸ್ ಬಂದರೆ ಕಟ್ಟಿದ್ದೆಲ್ಲ ಅವರ ಹುಂಡಿಗೆ. ಬಡ ದೇಶದವರ ದುಡ್ಡಲ್ಲಿ ಅಮೆರಿಕದ ಅಜ್ಜ ಅಜ್ಜಿಯರಿಗೆ ಪಿಂಚಣಿ, ನೋಡಿ ಹೆಂಗಿದೆ.

2018ರಲ್ಲಿ ಅಲ್ಲಿನ ಸರ್ಕಾರವೇ ಒಂದು ಅಂಕಿ ಕೊಟ್ಟಿತ್ತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 1,17,400 ಡಾಲರ್ ಬಂದರೂ ಅದು ಕಡಿಮೆ ಆದಾಯದ ಕುಟುಂಬವೇ ಅಂತ. ಆಮೇಲೆ ಆ ಗೆರೆ ಇನ್ನೂ ಮೇಲೆ ಹೋಗಿದೆ. ಇದನ್ನ ಅವ್ವನಿಗೆ ಹೇಳಿದೆ. "ಹಂಗಾದ್ರೆ ಅಲ್ಲೂ ರೇಷನ್ ಕಾರ್ಡ್ ಕೊಡ್ತಾರಾ?" ಅಂದಳು.

ಇಷ್ಟು ಬರೀ ದುಡ್ಡಿನ ಮಾತು. ದುಬಾರಿ ಊರಿಗೆ ಹೋಗುವ ಯಾರೇ ಆದರೂ ಹಾಕುವ ಲೆಕ್ಕ. ನಮಗೆ ಇನ್ನೊಂದು ಕಾಲಂ ಇದೆ, ಅದನ್ನ ಯಾವ ಆಪ್ ಕೂಡ ಹಾಕಿಕೊಡಲ್ಲ.

ಬೆಂಗಳೂರಲ್ಲಿ ತಮ್ಮ ಮೊದಲ ಸಲ ಮನೆ ಹುಡುಕಿದಾಗ ನಾನೂ ಜೊತೆಗೆ ಅಲೆದಿದ್ದೆ. ಹನ್ನೊಂದು ಮನೆ ನೋಡಿದೆವು. "ಯಾವ ಕಡೆಯವರು?" ಅಂತ ಶುರುವಾಗೋದು, "ವೆಜ್ಜಾ?" ಅಂತ ಮುಂದಕ್ಕೆ ಹೋಗೋದು, "ತಪ್ಪು ತಿಳ್ಕೋಬೇಡಿ, ನೀವು ಯಾವ ಜನ?" ಅನ್ನೋದಕ್ಕೆ ಬಂದು ನಿಲ್ಲೋದು. ಒಂದು ಕಡೆ ಟೋಕನ್ ಅಡ್ವಾನ್ಸ್ ಎಣಿಸಿಕೊಂಡ ಓನರಮ್ಮ, ಸಾಮಾನಿನ ಜೊತೆ ಬಾಬಾಸಾಹೇಬರ ಫೋಟೋ ನೋಡಿದರು. ಸಂಜೆಗೆ ಫೋನು ಬಂತು, ಮನೆ ಅವರ ಮಗನಿಗೇ ಬೇಕಂತೆ. ಹತ್ತು ತಿಂಗಳ ಅಡ್ವಾನ್ಸ್ ಕೈಯಲ್ಲಿ ಹಿಡ್ಕೊಂಡು ಬೀದಿಯಲ್ಲಿ ನಿಂತಿದ್ದೆವು. ದುಡ್ಡಿಲ್ಲದೆ ಅಲ್ಲ, ದುಡ್ಡಿಟ್ಕೊಂಡೇ.

ಅದಕ್ಕೇ ಅಮೆರಿಕದ ಬಾಡಿಗೆ ಕಾನೂನು ಓದಿದಾಗ ನನಗೆ ನಿಜವಾಗ್ಲೂ ಖುಷಿ ಆಯ್ತು, ಮುಚ್ಚುಮರೆ ಇಲ್ಲದೆ ಹೇಳ್ತೀನಿ. 1968ರ ಫೇರ್ ಹೌಸಿಂಗ್ ಕಾಯ್ದೆ ಪ್ರಕಾರ ಜನಾಂಗ, ಬಣ್ಣ, ಧರ್ಮ, ಮೂಲದೇಶ ನೋಡಿ ಮನೆ ಇಲ್ಲ ಅನ್ನೋ ಹಾಗಿಲ್ಲ. ಅದು ಸುಮ್ಮನೆ ಬಂದಿದ್ದಲ್ಲ. ಮಾರ್ಟಿನ್ ಲೂಥರ್ ಕಿಂಗ್ ಅವರನ್ನ ಕೊಂದ ಒಂದು ವಾರದೊಳಗೆ ಸಹಿ ಬಿದ್ದ ಕಾಯ್ದೆ ಅದು. ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈನಿಂದ ಡೆಪಾಸಿಟ್ಟು ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳೋ ಹಾಗಿಲ್ಲ. ದೊಡ್ಡ ಅಪಾರ್ಟ್‌ಮೆಂಟಿನ ಆಫೀಸಿಗೆ ಹೋದರೆ ಸಂಬಳದ ಚೀಟಿ ಕೇಳ್ತಾರೆ, ಕ್ರೆಡಿಟ್ ಸ್ಕೋರ್ ಕೇಳ್ತಾರೆ. ಬಾಡಿಗೆಯ ಮೂರು ಪಟ್ಟು ಸಂಬಳ ಬರ್ತದಾ ಅಂತ ನೋಡ್ತಾರೆ. ಯಾವ ಜನ ಅಂತ ಕೇಳಲ್ಲ. ಆ ಬಾಗಿಲು ನಮಗೆ ತೆರೆದಿದೆ. ಆದರೆ ಅದು ಮೂರು ಲಕ್ಷದ ಬಾಗಿಲು.

ಕಡಿಮೆ ದುಡ್ಡಿನ ಬಾಗಿಲು ಬೇರೆ ಇದೆ. ಹೊಸದಾಗಿ ಹೋದವರಿಗೆ ಅಲ್ಲಿ ಕ್ರೆಡಿಟ್ ಸ್ಕೋರ್ ಇರಲ್ಲ, ಲೈಸೆನ್ಸ್ ಇರಲ್ಲ, ಕಾರಿರಲ್ಲ. ಆಗ ಯಾರು ನೆನಪಾಗ್ತಾರೆ? ನಮ್ಮ ಕಡೆಯವರು. ಒಂದು ರೂಮು ಖಾಲಿ ಇದೆ ಅನ್ನೋ ವಾಟ್ಸ್ಯಾಪ್ ಗ್ರೂಪು. ಮೊದಲ ತಿಂಗಳು ಆಫೀಸಿಗೆ ಕಾರಲ್ಲಿ ಬಿಡುವ ಸಹೋದ್ಯೋಗಿ. ಮಗು ನೋಡ್ಕೊಳ್ಳೋ ಅಮ್ಮಂದಿರು, ಡಬ್ಬಿ ಊಟದ ಮನೆ, ಹಬ್ಬಕ್ಕೆ ಕರೆಯೋ ಸಂಘ. "ವೆಜಿಟೇರಿಯನ್ ಫ್ಯಾಮಿಲಿಗೆ ಮಾತ್ರ" ಅಂತ ಅಲ್ಲೂ ಹಾಕ್ತಾರಂತೆ, ತಮ್ಮ ಒಂದೆರಡು ಸ್ಕ್ರೀನ್‌ಶಾಟ್ ಕಳಿಸಿದ್ದ. ಊರು ದುಬಾರಿಯಾದಷ್ಟೂ ಇವರ ಆಸರೆ ಜಾಸ್ತಿ ಬೇಕು. ಇವರ ಆಸರೆ ಬೇಕಾದಷ್ಟೂ "ನಿಮ್ಮ ಸರ್‌ನೇಮ್ ಏನು, ನಿಮ್ಮ ಮನೆದೇವರು ಯಾವುದು" ಅನ್ನೋದಕ್ಕೆ ಉತ್ತರ ಕೊಡಬೇಕು. ನಾನು ಒಂದು ತಿಂಗಳಿಂದ ತಮ್ಮನಿಗೆ ಹೇಳ್ತಾ ಇರೋದು ಇದೊಂದನ್ನೇ. ಜಾತಿ ಅಲ್ಲಿಗೆ ವಿಮಾನದಲ್ಲಿ ಹೋಗೋದು ಹೌದು, ಆದರೆ ಅದು ನಮ್ಮ ಮನೆಯೊಳಗೆ ಕಾಲಿಡೋದು ಬಾಡಿಗೆ ರಸೀದಿ ಹಿಡ್ಕೊಂಡು.

ಇದು ನನ್ನ ಕಲ್ಪನೆ ಅಂತ ಯಾರಾದ್ರೂ ಅಂದ್ಕೊಂಡರೆ, 2020ರ ಜೂನ್ 30ರಂದು ಕ್ಯಾಲಿಫೋರ್ನಿಯಾದ ಸರ್ಕಾರಿ ಇಲಾಖೆಯೇ ಸಿಸ್ಕೋ ಕಂಪನಿ ಮೇಲೆ ಹಾಕಿದ ಕೇಸು ನೆನಪಿಸಿಕೊಳ್ಳಿ. ದೂರಿನ ಪ್ರಕಾರ, ಸ್ಯಾನ್ ಹೋಸೆಯಲ್ಲಿ ಕೆಲಸ ಮಾಡ್ತಿದ್ದ ದಲಿತ ಎಂಜಿನಿಯರ್ ಒಬ್ಬರು ಐಐಟಿಗೆ ಮೀಸಲಾತಿಯಲ್ಲಿ ಬಂದವರು ಅಂತ ಮೇಲಿನ ಅಧಿಕಾರಿ ಸಹೋದ್ಯೋಗಿಗಳ ಮುಂದೆ ಹೇಳಿದರು. ಪ್ರಶ್ನೆ ಮಾಡಿದ ಮೇಲೆ ಅವರ ಕೆಲಸ ಕಿತ್ಕೊಂಡರು, ಮೂಲೆಗೆ ಹಾಕಿದರು. ಕಂಪನಿ ಇದನ್ನ ಒಪ್ಪಿಲ್ಲ. 2023ರಲ್ಲಿ ಇಬ್ಬರು ಅಧಿಕಾರಿಗಳ ಮೇಲಿನ ಕೇಸನ್ನ ಇಲಾಖೆಯೇ ಕೈಬಿಟ್ಟಿತು, ಕಂಪನಿ ಮೇಲಿನದು ಮುಂದುವರಿಯಿತು. ಅದೇ ವರ್ಷ ಫೆಬ್ರುವರಿಯಲ್ಲಿ ಕ್ಷಮಾ ಸಾವಂತ್ ತಂದ ಕಾನೂನಿಂದ ಸಿಯಾಟಲ್ ನಗರ ಜಾತಿ ತಾರತಮ್ಯವನ್ನ ನಿಷೇಧಿಸಿತು. ಕ್ಯಾಲಿಫೋರ್ನಿಯಾದಲ್ಲಿ ಆಯಿಶಾ ವಹಾಬ್ ತಂದ ಎಸ್‌ಬಿ 403 ಮಸೂದೆ ಎರಡೂ ಸದನದಲ್ಲಿ ಪಾಸಾಯ್ತು. ನಮ್ಮವರು ಅಲ್ಲಿ ಉಪವಾಸ ಕೂತಿದ್ದರು, ನಾವು ಇಲ್ಲಿಂದ ಪೋಸ್ಟು ಹಾಕಿದ್ದೆವು. ಅಕ್ಟೋಬರ್ 7ಕ್ಕೆ ಗವರ್ನರ್ ನ್ಯೂಸಮ್ ವೀಟೋ ಮಾಡಿದರು. ಈಗಿರುವ ಕಾನೂನೇ ಸಾಕಂತೆ! ಸಾಕಾಗಿದ್ದರೆ ಬೇಡ ಅಂತ ಅಷ್ಟು ದೊಡ್ಡ ಲಾಬಿ ಯಾಕೆ ನಡೀತಿತ್ತು?

ಮುಂದಿನ ಗಂಟು ವೀಸಾದ್ದು. 2025ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಹೊಸ ಎಚ್1ಬಿಗೆ ಒಂದು ಲಕ್ಷ ಡಾಲರ್ ಶುಲ್ಕ ಅಂತ ಹಾಕಿದ ಮೇಲೆ ಕಂಪನಿಯವರು ತಮ್ಮನನ್ನ ಎಲ್1ನಲ್ಲಿ ಕಳಿಸ್ತಾ ಇದ್ದಾರೆ. ಅದು ಕಂಪನಿಯ ಒಳಗೇ ವರ್ಗ ಆಗುವವರ ವೀಸಾ. ಅದನ್ನ ಇಟ್ಕೊಂಡು ಬೇರೆ ಕಂಪನಿ ಸೇರೋ ಹಾಗಿಲ್ಲ. ಕೆಲಸ ಹೋದರೆ ಹೆಚ್ಚೆಂದರೆ 60 ದಿನ, ಅಷ್ಟರಲ್ಲಿ ದಾರಿ ಹುಡುಕಬೇಕು, ಇಲ್ಲಾ ಗಂಟುಮೂಟೆ ಕಟ್ಟಬೇಕು. ಬೆಂಗಳೂರಲ್ಲಿ ಮ್ಯಾನೇಜರ್ ಮುಖ ಗಂಟಿಕ್ಕಿದರೆ ತಮ್ಮ ಇನ್ನೊಂದು ಕಂಪನಿಗೆ ಹೋದ, ಎರಡು ಸಲ ಹೋಗಿದ್ದಾನೆ. ಅಲ್ಲಿ ಮ್ಯಾನೇಜರ್ ಕೈಯಲ್ಲಿ ಇವನ ರೇಟಿಂಗ್ ಜೊತೆಗೆ ಮಗಳ ಸ್ಕೂಲು, ಮನೆ ಬಾಡಿಗೆ ಕರಾರು ಎಲ್ಲ ಇರ್ತದೆ.

ಇನ್ನು ತಮ್ಮನ ಹೆಂಡತಿ. ಅವಳು ಸರ್ಕಾರಿ ಹೈಸ್ಕೂಲಿನ ಗಣಿತದ ಮೇಡಂ. ಈ ಕೆಲಸಕ್ಕೆ ಅವರಪ್ಪ ಗದ್ದೆ ಕೂಲಿ ಮಾಡಿ ಓದಿಸಿದ್ದರು. ಬಂಧುಗಳೆಲ್ಲ ಬಾಯಿಗೆ ಬಂದ ಹಾಗೆ ಮಾತಾಡಿದರು. "ಅಮೆರಿಕದ ಮುಂದೆ ಮೇಷ್ಟ್ರ ಕೆಲಸ ಯಾವ ಮಹಾ, ಬಿಸಾಕಿ ಹೋಗಮ್ಮ." ಬಿಸಾಕೋದು! ಒಂದು ಹುದ್ದೆಗೆ ಎಷ್ಟು ಜನ ಎಷ್ಟು ವರ್ಷ ಕಾದಿರ್ತಾರೆ, ನೇಮಕಾತಿ ಪಟ್ಟಿ, ಬ್ಯಾಕ್‌ಲಾಗ್ ಅಂತ ನಾವು ಎಷ್ಟು ಸಲ ಡಿಸಿ ಆಫೀಸ್ ಮುಂದೆ ಕೂತಿದ್ದೀವಿ, ಗೊತ್ತಿದ್ದವರು ಹೀಗೆ ಮಾತಾಡಲ್ಲ. ಎಲ್1ನವರ ಗಂಡ ಹೆಂಡತಿಗೆ 2021ರ ನವೆಂಬರ್‌ನಿಂದ ಬೇರೆ ಪರ್ಮಿಟ್ ಇಲ್ಲದೆ ಕೆಲಸ ಮಾಡುವ ಅವಕಾಶ ಇದೆ, ಎಚ್1ಬಿಯವರ ಸಂಗಾತಿಗಳಿಗೆ ಇಷ್ಟು ಸಲೀಸಿಲ್ಲ. ಆದರೆ ನಮ್ಮ ಬಿ.ಎಡ್. ಹಿಡ್ಕೊಂಡು ಹೋಗಿ ಅಲ್ಲಿ ಬೋರ್ಡಿನ ಮುಂದೆ ನಿಲ್ಲೋಕಾಗಲ್ಲ. ಅಂಕಪಟ್ಟಿ ಪರಿಶೀಲನೆ, ಅಲ್ಲಿನ ಸರ್ಟಿಫಿಕೇಟು, ವರ್ಷಗಟ್ಟಲೆ ದಾರಿ.

ಸಂಬಳವಿಲ್ಲದ ರಜೆ ಎಷ್ಟು ದಿನ ಹಾಕಬಹುದು, ಯಾವ ಅರ್ಜಿ ಯಾರ ಮೂಲಕ ಹೋಗಬೇಕು ಅಂತ ನಾನೇ ಫೈಲ್ ತಿರುವಿ ಹಾಕ್ತಾ ಇದ್ದೀನಿ. ಅವಳು ಒಂದೇ ಮಾತು ಹೇಳಿದಳು. "ಅಕ್ಕ, ರಾಜೀನಾಮೆ ಅಂತ ಮಾತ್ರ ಬರೆಯಲ್ಲ. ಅವರ ಕಂಪನಿ ಕರೆದರೆ ಹೋಗಿ ಬರ್ತೀನಿ, ನನ್ನ ಸರ್ವೀಸ್ ರಿಜಿಸ್ಟರ್ ನನ್ನದು." ತಮ್ಮ ಸುಮ್ಮನಾದ. ನನಗೆ ಅವಳ ಮೇಲೆ ಗೌರವ ಇನ್ನೂ ಹೆಚ್ಚಾಯ್ತು. ನಾನು ಬಿ.ಎ.ಗೆ ನಿಂತು ಕೆಲಸಕ್ಕೆ ಸೇರಿದ್ದೇ ತಮ್ಮ ಎಂಜಿನಿಯರಿಂಗ್ ಮುಗಿಸಲಿ ಅಂತ. ಮನೆಯಲ್ಲಿ ಒಬ್ಬರ ಓದಿಗೆ ಇನ್ನೊಬ್ಬ ಹೆಣ್ಣು ನಿಲ್ಲೋದು ಒಂದು ತಲೆಮಾರಿಗೆ ಸಾಕು.

ಒಂದು ವಿಷಯ ಅವಳಿಗೆ ಬಹಳ ಹಿಡಿಸಿದೆ. ಅಲ್ಲಿ ಎಂಜಿನಿಯರ್ ಮಕ್ಕಳೂ ಹೋಗೋದು ಸರ್ಕಾರಿ ಶಾಲೆಗೇ, ಫೀಸಿಲ್ಲ. ಚಿಕ್ಕವನಿಗೆ ನಾಲ್ಕು ತುಂಬಿದರೆ ಅವನೂ ಅದೇ ಶಾಲೆಗೆ. ನಮ್ಮಲ್ಲಿ ಸರ್ಕಾರಿ ಶಾಲೆಯ ಹಾಜರಿ ಪುಸ್ತಕ ತೆಗೆದರೆ ಯಾರ ಮಕ್ಕಳ ಹೆಸರಿರ್ತದೆ ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಅಲ್ಲೂ ಒಂದು ಕೊಕ್ಕೆ ಇದೆ. ಯಾವ ಶಾಲೆ ಅನ್ನೋದು ಮನೆ ವಿಳಾಸದ ಮೇಲೆ. ಒಳ್ಳೇ ಶಾಲೆ ಅಂತ ಹೆಸರಾದ ಕುಪರ್ಟಿನೋದಂಥ ಕಡೆ ಬಾಡಿಗೆ ಇನ್ನೂ ಏರ್ತದೆ. ಊರೊಳಗೆ, ಊರಾಚೆ ಅನ್ನೋದು ಅಲ್ಲೂ ಇದೆ, ಡಾಲರಲ್ಲಿದೆ.

ಬಾಬಾಸಾಹೇಬರು 1913ರಲ್ಲಿ ನ್ಯೂಯಾರ್ಕಿಗೆ ಹೋಗಿದ್ದು ಬರೋಡ ಮಹಾರಾಜರ ತಿಂಗಳಿಗೆ ಹನ್ನೊಂದೂವರೆ ಪೌಂಡ್ ವಿದ್ಯಾರ್ಥಿವೇತನದಲ್ಲಿ. ಸಂಸಾರ ಇಲ್ಲೇ ಇತ್ತು. ಅಲ್ಲಿ ಅವರಿಗೆ ಇರೋಕೆ ಜಾಗ ಸಿಕ್ಕಿತು, ಕೂತು ಓದೋಕೆ ಲೈಬ್ರರಿ ಸಿಕ್ಕಿತು. 1917ರಲ್ಲಿ ಬರೋಡಕ್ಕೆ ಕೆಲಸಕ್ಕೆ ಬಂದಾಗ ತಲೆ ಇಡೋಕೆ ಒಂದು ರೂಮು ಸಿಗಲಿಲ್ಲ. ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡ್ಕೊಂಡು ಬಂದವರು ಓಡಿಸಿದರು. ಆಗ ಅಮೆರಿಕಕ್ಕೂ ಬರೋಡಕ್ಕೂ ನಡುವೆ ಒಂದು ಸಮುದ್ರ ಇತ್ತು. ಈಗ ಸನ್ನಿವೇಲ್‌ನಲ್ಲಿ ಎರಡೂ ಒಂದೇ ಬೀದಿಯಲ್ಲಿವೆ, ತಮ್ಮ ಯಾವ ಬಾಗಿಲು ತಟ್ಟಬೇಕು ಅಂತ ನೋಡ್ಕೊಂಡು ತಟ್ಟಬೇಕು.

ಅದಕ್ಕೆ ಕಂಪನಿ ಜೊತೆ ಏನು ಕೇಳಬೇಕು ಅಂತ ಕೂತು ಬರೆದುಕೊಂಡೆವು. ಸಂಬಳ ಒಂದಿಷ್ಟು ಏರಿಸಿ ಅಂತ ಎಲ್ಲರೂ ಕೇಳ್ತಾರೆ. ನಾವು ಕೇಳಿದ್ದು ಮೊದಲ ಎರಡು ತಿಂಗಳು ಕಂಪನಿ ಖರ್ಚಲ್ಲಿ ಮನೆ, ಎರಡು ವಾರ ಬಾಡಿಗೆ ಕಾರು, ಮನೆ ಮಾಲೀಕರಿಗೆ ಕೊಡೋಕೆ ಸಂಬಳದ ಪತ್ರ. ಎಲ್ಲ ಇಮೇಲಲ್ಲಿ, ಬಾಯಿಮಾತಲ್ಲ. ಎರಡು ತಿಂಗಳು ಯಾರ ಹಂಗೂ ಇಲ್ಲದೆ ಇದ್ದರೆ ಆಮೇಲೆ ಯಾರ ಜೊತೆ ಸ್ನೇಹ ಅಂತ ಇವರೇ ಆರಿಸ್ಕೋಬಹುದು. ಒಂದೂವರೆ ತಿಂಗಳಿಗೆ ಒಪ್ಪಿದ್ದಾರೆ. ತಮ್ಮ ಮೊದಲು ಹೋಗ್ತಾನೆ, ಪರೀಕ್ಷೆ ಪೇಪರ್ ತಿದ್ದಿ ಮುಗಿಸಿ ಅವಳು ಮಕ್ಕಳ ಜೊತೆ ಹೋಗ್ತಾಳೆ.

ತೀರ್ಮಾನ ಆಗದೆ ಉಳಿದಿರೋದು ಫೋಟೋ ವಿಚಾರ. ಅವ್ವ ನಡುಮನೆಯ ಬಾಬಾಸಾಹೇಬರ ಪಟವನ್ನ ಸೀರೆಯಲ್ಲಿ ಸುತ್ತಿ ಇಟ್ಟಿದ್ದಾಳೆ, ಸೂಟ್‌ಕೇಸಿಗೆ ಹಾಕೋಕೆ. ತಮ್ಮ "ಬೆಡ್‌ರೂಮಲ್ಲಿ ಹಾಕ್ತೀನಿ ಅಕ್ಕ, ಟೀಮಿನವರು ಊಟಕ್ಕೆ ಅಂತ ಬರ್ತಾರೆ" ಅಂದ. ಅವ್ವನಿಗೆ ಸಿಟ್ಟು ಬಂತು. ನನಗೆ ಬರಲಿಲ್ಲ. ನಾನು ಇಲ್ಲಿ ಸಂಘಟನೆಯ ನೂರು ಜನರ ಮಧ್ಯೆ ನಿಂತು ಮೈಕ್ ಹಿಡೀತೀನಿ. ಅವನು ಅಲ್ಲಿ ನಾಲ್ಕು ಜನ, 60 ದಿನ. ಮಗಳು ಕೇಳಿಸ್ಕೊಂಡು "ಅತ್ತೆ, ನನ್ನ ರೂಮಲ್ಲಿ ಹಾಕ್ಕೋತೀನಿ, ನನ್ನ ಫ್ರೆಂಡ್ಸ್ ಕೇಳಿದ್ರೆ ನಾನೇ ಹೇಳ್ತೀನಿ" ಅಂದಳು. ಅವಳಿಗೆ ಪ್ರತ್ಯೇಕ ರೂಮು ಇರೋ ಮನೆ ಅಂದರೆ ಇನ್ನೊಂದು ಸಾವಿರ ಡಾಲರ್ ಅಂತ ಅವಳಿಗೆ ಯಾರೂ ಹೇಳಿಲ್ಲ.

ಕೊನೆಗೆ ಒಂದು ಕೆಲಸದ ಮಾತು. ಸ್ಯಾನ್ ಹೋಸೆ, ಸನ್ನಿವೇಲ್, ಫ್ರೀಮಾಂಟ್ ಕಡೆ ಇರುವ ನಮ್ಮವರು ಈ ಪೋಸ್ಟ್ ಓದಿದರೆ ಸಂಪರ್ಕಿಸಿ. ಎರಡು ಬೆಡ್‌ರೂಮಿನ ಮನೆ ಬೇಕು, ಹಳೇದಾದ್ರೂ ಪರವಾಗಿಲ್ಲ, ಬಸ್ ಅಥವಾ ರೈಲು ಹತ್ತಿರ ಇದ್ದರೆ ಒಳ್ಳೇದು. ಏಪ್ರಿಲ್ 14ರ ಕಾರ್ಯಕ್ರಮ ಅಲ್ಲಿ ಎಲ್ಲಿ ಮಾಡ್ತೀರಿ ಅಂತಲೂ ತಿಳಿಸಿ, ತಮ್ಮ ಬರ್ತಾನೆ. ಕಾಮೆಂಟಲ್ಲಿ ನಿಮ್ಮ ಹೆಸರು, ಕಂಪನಿ ಹೆಸರು ಹಾಕಬೇಡಿ. ಇನ್‌ಬಾಕ್ಸ್‌ಗೆ ಬನ್ನಿ.