ಒಂದೂವರೆ ಮೀಟರ್ ಕೆಳಗೆ

ಏಣಿಯ ಮೂರನೇ ಮೆಟ್ಟಿಲು ಇಳಿಯುತ್ತಲೇ ಗಾಳಿ ನಿಂತುಬಿಡುತ್ತದೆ. ಬೆಳಗ್ಗಿನಿಂದ ಕಿವಿಯಲ್ಲಿ ಮೊರೆಯುತ್ತಿದ್ದ ಬಯಲಗಾಳಿ ಈಗ ನಿಮ್ಮ ಟೋಪಿಯ ಮೇಲಿಂದ ಹಾದುಹೋಗುತ್ತಿದೆ. ಕೆಳಗೆ ನಿಮ್ಮ ಉಸಿರಿನ ಸದ್ದು ಬಿಟ್ಟರೆ ಏನೂ ಇಲ್ಲ. ತಂಪು. ಮೊದಲ ಮಳೆಗೆ ಅಂಗಳದಿಂದ ಏಳುತ್ತದಲ್ಲ, ಅದೇ ವಾಸನೆ. ಆದರೆ ಇಲ್ಲಿ ಅದು ತೇಲಿಹೋಗುವುದಿಲ್ಲ, ಮೂಗಿನಲ್ಲೇ ಮನೆ ಮಾಡುತ್ತದೆ. ಗುಂಡಿ ಒಂದೂವರೆ ಮೀಟರ್ ಆಳ. ನೆಟ್ಟಗೆ ನಿಂತರೆ ಹುಲ್ಲಿನ ಬುಡ ನಿಮ್ಮ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಇರುವೆಯ ಲೆಕ್ಕದಲ್ಲಿ ನೀವೀಗ ಲೋಕ ನೋಡುತ್ತಿದ್ದೀರಿ.

ಇದು ಅಮೆರಿಕದ ಸೌತ್ ಡಕೋಟ. ಹ್ಯೂರನ್ ಪಟ್ಟಣದಾಚೆ, ಜೇಮ್ಸ್ ನದಿಯ ಬಯಲಿನಲ್ಲೊಂದು ಉಳುಮೆ ಕಾಣದ ದಿಣ್ಣೆ. ಎದುರಿನ ಗೋಡೆಯ ಮಣ್ಣಿನ ಹೆಸರು ಹೂಡೆಕ್. ಕನ್ನಡದ ಕಿವಿಗೆ ಯಾರೋ ನೇಗಿಲು ಹೂಡಲು ಕರೆದ ಹಾಗೆ ಕೇಳಿಸುತ್ತದೆ. ನಮಗೆ ನೀಲಕಂಠ ಹಕ್ಕಿ, ಶ್ರೀಗಂಧದ ಮರ ಹೇಗೋ ಹಾಗೆ ಈ ರಾಜ್ಯ 1990ರಲ್ಲಿ ಇದನ್ನು ತನ್ನ ಮಣ್ಣೆಂದು ಘೋಷಿಸಿಕೊಂಡಿತು.

ದಿಣ್ಣೆಯ ಮೇಲೊಂದು ಮನೆ ಏಳಲಿದೆ. ಬಚ್ಚಲು, ಕಕ್ಕಸಿನ ನೀರೆಲ್ಲ ಇದೇ ಮಣ್ಣಿನಲ್ಲಿ ಇಂಗಬೇಕು. ನಿಮ್ಮ ಕೈಯಲ್ಲಿರುವ ಹಾಳೆಯಲ್ಲಿ ಒಂದು ಸಾಲು ಖಾಲಿ ಇದೆ: ನೀರು ಬಸಿಯುವ ಬಗೆ. ಸಂಜೆಯೊಳಗೆ ಅದನ್ನು ತುಂಬಬೇಕಾದವರು ನೀವು. ಮೂವತ್ತು ವರ್ಷ ಮಣ್ಣು ಓದಿದ ಹಿರಿಯ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಾನೆ. ಅಗೆಯುವಾಗ ಕಪ್ಪು ಮಣ್ಣನ್ನು ಒಂದು ಗುಡ್ಡೆ, ಹಳದಿಯನ್ನು ಇನ್ನೊಂದು ಗುಡ್ಡೆ ಮಾಡಿಸಿದವನೂ ಅವನೇ. ಯಾಕೆಂದು ಹೇಳಿಲ್ಲ.

"ನೋಡೋದು ಆಮೇಲೆ. ಮೊದಲು ಮುಟ್ಟು," ಅನ್ನುತ್ತಾನೆ.

ಮುಟ್ಟುತ್ತೀರಿ. ಮೇಲಿನ ಒಂದು ಗೇಣು ಕಪ್ಪು. ಹಿಡಿಯಲ್ಲಿ ಒತ್ತಿದರೆ ರವೆ ಉಂಡೆಯ ಹಾಗೆ ನಿಲ್ಲುತ್ತದೆ, ಹೆಬ್ಬೆರಳು ತಾಕಿದರೆ ಸಣ್ಣ ಕಾಳುಗಳಾಗಿ ಉದುರುತ್ತದೆ. ಕಪ್ಪು ಅಂದಕೂಡಲೇ ನಮ್ಮ ಎರೆಹೊಲ ನೆನಪಾಗುವುದು ಸಹಜ, ಆದರೆ ಇವೆರಡೂ ಬೇರೆಬೇರೆ ಸಂಸಾರ. ಎರೆ ಬೇಸಿಗೆಗೆ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಕಪ್ಪಗಿದ್ದರೂ ಅದರಲ್ಲಿ ಕೊಳೆತ ಸಾರ ಕಡಿಮೆಯೇ. ಇಲ್ಲಿಯ ಕಪ್ಪು ಪೂರಾ ಬೇರಿನ ದುಡಿಮೆ. ಮೇಲೆ ಮೊಣಕಾಲುದ್ದ ಕಾಣುವ ಹುಲ್ಲಿಗೆ ಕೆಳಗೆ ಆಳುದ್ದ ಬೇರು. ಪ್ರತಿವರ್ಷ ಅದರಲ್ಲೊಂದಿಷ್ಟು ಸಾಯುತ್ತದೆ, ಕೊಳೆಯುತ್ತದೆ. ಕೂದಲಿಗಿಂತ ತೆಳ್ಳಗಿನ ಬಿಳಿ ಎಳೆಗಳು ನಿಮ್ಮ ಚಾಕುವಿನ ತುದಿಗೆ ಸಿಕ್ಕಿ ಪಟ್ಟೆಂದು ಹರಿಯುತ್ತವೆ. ಬೇಲಿಯಾಚೆಯ ಮೆಕ್ಕೆಜೋಳದ ಹೊಲದಲ್ಲಿ ಈ ಕಪ್ಪು ಇನ್ನೂ ತೆಳು. 1933ರ ನವೆಂಬರ್‌ನಲ್ಲಿ, ಬರದ ನಡುವೆ ಎದ್ದ ಬಿರುಗಾಳಿ ಈ ರಾಜ್ಯದ ಉತ್ತ ಹೊಲಗಳ ಮೇಲ್ಮಣ್ಣನ್ನು ಬಾಚಿಕೊಂಡು ಹೋಗಿತ್ತು.

ಚಾಕು ಕೆಳಗಿಳಿಯುತ್ತದೆ. ಕಂದು. ಇಲ್ಲಿ ಹೆಂಟೆಗಳು ಉದುರುವುದಿಲ್ಲ, ಚೌಕಚೌಕವಾಗಿ ಕಿತ್ತುಬರುತ್ತವೆ. ಒಂದನ್ನು ಬಿಸಿಲಿಗೆ ಹಿಡಿದರೆ ಮೈಗೆ ಎಣ್ಣೆ ಸವರಿದಂತೆ ಮಿನುಗು. ಮಳೆನೀರು ಮೇಲಿನಿಂದ ಜೇಡಿಯ ನುಣುಪು ಕಣಗಳನ್ನು ಹೊತ್ತು ತಂದು ಬಿರುಕುಗಳ ಗೋಡೆಗೆ ಬಳಿದಿದೆ. ಚೂರು ಮಣ್ಣಿಗೆ ನೀರು ಚಿಮುಕಿಸಿ ನಾದಿ, ಹೆಬ್ಬೆರಳಲ್ಲಿ ಒತ್ತಿ ಪಟ್ಟಿ ಎಳೆಯುತ್ತೀರಿ. ಒಂದು ಅಂಗುಲ, ಒಂದೂವರೆ, ಆಮೇಲೆ ತನ್ನ ಭಾರಕ್ಕೇ ತುಂಡಾಗುತ್ತದೆ. ಜೇಡಿಗೋಡು. ಹಿರಿಯ ತಲೆಯಾಡಿಸುತ್ತಾನೆ. ಅಷ್ಟರಲ್ಲಿ ನಿಮ್ಮ ಅಂಗೈ ಒಣಗಿ ಬಿಗಿದುಕೊಂಡಿದೆ.

ಅರ್ಧ ಮೀಟರ್ ದಾಟಿದ ಮೇಲೆ ಗೋಡೆಯಲ್ಲಿ ಬಿಳಿ ಎಳೆಗಳು, ಮೆತ್ತನೆಯ ಬಿಳಿ ಉಂಡೆಗಳು. ತೆಳು ಆಮ್ಲದ ಬಾಟಲಿಯಿಂದ ಒಂದು ಹನಿ ಬಿಟ್ಟು ಕಿವಿ ಹತ್ತಿರ ಹಿಡಿಯಿರಿ. ಸೋಡಾ ಬಾಟಲಿ ತೆರೆದಂತೆ ಚುರುಗುಟ್ಟುತ್ತದೆ. ಸುಣ್ಣ. ಮಳೆನೀರು ಮೇಲಿನ ಪದರಗಳಿಂದ ಅದನ್ನು ತೊಳೆದು ತಂದು, ತಾನು ಮುಗಿದುಹೋದ ಜಾಗದಲ್ಲಿ ಇಳಿಸಿದೆ. ನೀರು ಎಲ್ಲಿಯವರೆಗೆ ನಡೆಯಿತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಆದರೆ ನೀರು ನಿಂತಿತ್ತೇ? ಹಾಳೆಯ ಖಾಲಿ ಸಾಲು ಕೇಳುವುದು ಅದನ್ನೇ.

ಭತ್ತದ ಗದ್ದೆಯಲ್ಲಿ ಕಾಲಿಟ್ಟವರಿಗೆ ಉತ್ತರ ಗೊತ್ತು. ಕೆಸರಿನಡಿಯ ಮಣ್ಣು ಬೂದು, ಪೈರಿನ ಬೇರಿನ ಸುತ್ತ ತುಕ್ಕಿನ ಕೆಂಪು. ನೀರು ನಿಂತಲ್ಲಿ ಗಾಳಿ ಮುಗಿಯುತ್ತದೆ; ಸೂಕ್ಷ್ಮಜೀವಿಗಳು ಕಬ್ಬಿಣವನ್ನು ಕರಗಿಸಿಬಿಡುತ್ತವೆ; ಬಣ್ಣ ಹೋಗಿ ಬೂದು ಉಳಿಯುತ್ತದೆ. ಇಲ್ಲಿ ಒಂದು ಮೀಟರಿನೊಳಗೆ ಅಂಥ ಬೂದು ಮಚ್ಚೆ ಕಾಣದಿದ್ದರೆ ಸಾಮಾನ್ಯವಾಗಿ 'ಚೆನ್ನಾಗಿ ಬಸಿಯುವ ಮಣ್ಣು' ಎಂದು ಬರೆಯುತ್ತಾರೆ. ನೀವು ಹುಡುಕುತ್ತಿರುವುದು ಇಲ್ಲದ ಒಂದು ವಸ್ತುವನ್ನು. ಕೆಲಸದಲ್ಲಿ ಇದೇ ಕಷ್ಟದ ಭಾಗ.

ಮಂಡಿಯೂರುತ್ತೀರಿ. ಟೇಪು 70 ಸೆಂಟಿಮೀಟರ್ ದಾಟುತ್ತದೆ. ಕಂದು ತಿಳಿಯಾಗಿ ಹಳದಿಗೆ ತಿರುಗಿದೆ. ನಡುವೆ ತಟ್ಟೆಯಗಲದ ಒಂದು ಕಪ್ಪು ಚಕ್ರ: ಯಾವುದೋ ನೆಲದಳಿಲು ಕೊರೆದ ಬಿಲ, ಮೇಲಿನ ಮಣ್ಣು ಬಿದ್ದು ತುಂಬಿಕೊಂಡಿದೆ. 80. 85. ಸೊಂಟ ನೋಯುತ್ತಿದೆ, ಬೆವರು ಕಣ್ಣಿಗಿಳಿಯುತ್ತಿದೆ. 90.

ಬೂದು.

ಉಗುರಿನಷ್ಟಗಲ. ಅಂಚಿಗೆ ತುಕ್ಕಿನ ಗೆರೆ. ಎದೆ ಧಸಕ್ಕೆನ್ನುತ್ತದೆ. ಇದು ನೀರಿನ ಗುರುತಾದರೆ ಹಾಳೆಯ ಸಾಲು ಬದಲಾಗುತ್ತದೆ, ಮನೆಯ ಲೆಕ್ಕವೇ ಬೇರೆಯಾಗುತ್ತದೆ. ಕಂಡೂ ಕಾಣದಂತೆ ಬಿಟ್ಟರೆ ಯಾವುದೋ ವಸಂತದಲ್ಲಿ ಹಿಮ ಕರಗಿದಾಗ ಹೊಲಸು ನೀರು ಅಂಗಳಕ್ಕೆ ಉಕ್ಕುತ್ತದೆ. ಮೇಲೆ ನೋಡುತ್ತೀರಿ. ಹಿರಿಯ ಹುಲ್ಲಿನ ಕಡ್ಡಿ ಕಚ್ಚಿಕೊಂಡು ದೂರ ನೋಡುತ್ತಿದ್ದಾನೆ. ಬಾಯಿ ಬಿಡುವವನಲ್ಲ.

ಚಾಕುವಿನ ತುದಿ ಒಳಕ್ಕೆ ತೂರಿಸುತ್ತೀರಿ. ಬೂದು ಹರಡಿಲ್ಲ. ಬೇರಿನ ಜಾಡು ಹಿಡಿದಿಲ್ಲ, ಬಿರುಕಿನ ಮೈಗೂ ಅಂಟಿಲ್ಲ. ಮೀಟಿದರೆ ಪೂರ್ತಿ ಈಚೆ ಬರುತ್ತದೆ, ಉಗುರಿಟ್ಟರೆ ಹಪ್ಪಳದ ಹಾಗೆ ಪದರಪದರವಾಗಿ ಸೀಳುತ್ತದೆ. ಮಚ್ಚೆಯಲ್ಲ, ಕಲ್ಲು! ಶೇಲ್ ಚೂರು. 7 ಕೋಟಿ ವರ್ಷಕ್ಕೂ ಹಿಂದೆ ಇಲ್ಲಿದ್ದ ಸಮುದ್ರದ ತಳದ ಕೆಸರು. ಅದರ ಬೂದು ಅದರದೇ, ಈ ಮಳೆಗಾಲಗಳದ್ದಲ್ಲ. ಇದನ್ನು ಕಿತ್ತು, ಅರೆದು, ಉತ್ತರದಿಂದ ತಂದ ಗ್ರಾನೈಟ್ ಗುಂಡು, ಮರಳು, ಜೇಡಿಗಳ ಜೊತೆ ಕಲಸಿ ಸುರಿದದ್ದು ಹಿಮನದಿ. 12,000 ವರ್ಷಕ್ಕೂ ಹಿಂದೆ ಅದು ಕರಗಿಹೋಯಿತು, ಕಲಬೆರಕೆ ಉಳಿಯಿತು. ನದಿಯಾದರೆ ಮರಳನ್ನು ಮರಳಿಗೆ, ಕಲ್ಲನ್ನು ಕಲ್ಲಿಗೆ ಬೇರ್ಪಡಿಸುತ್ತದೆ. ಹಿಮಕ್ಕೆ ಆ ನಾಜೂಕಿಲ್ಲ.

"ಶೇಲ್!" ಎಂದು ಕೂಗುತ್ತೀರಿ.

ಅವನು ಉತ್ತರಿಸುವುದಿಲ್ಲ. ಎದ್ದು ನಿಂತಿದ್ದಾನೆ. "ಹತ್ತು. ಈಗಲೇ ಹತ್ತು."

ಬೆನ್ನ ಹಿಂದೆ ಪುಡಿ ಉದುರುವ ಸದ್ದು. ಹಳದಿ ಗುಡ್ಡೆಯನ್ನು ಅಂಚಿಗೆ ತೀರಾ ಹತ್ತಿರ ಹಾಕಿಬಿಟ್ಟಿದ್ದಾರೆ. ಹುಲ್ಲಿನ ಬುಡದಲ್ಲಿ ಒಂದು ಬಿರುಕು, ಬೆರಳಗಲ. ಚಾಕು ಬಿಡುತ್ತೀರಿ. ಏಣಿ. ಒಂದು ಮೆಟ್ಟಿಲು, ಎರಡು, ಕಾಲು ಜಾರುತ್ತದೆ, ಮತ್ತೆ ಎರಡು. ರಟ್ಟೆ ಹಿಡಿದು ಒಂದು ಕೈ ಎಳೆಯುತ್ತದೆ. ಹೊಟ್ಟೆಯ ಮೇಲೆ ಹುಲ್ಲಿಗೆ ಬೀಳುತ್ತೀರಿ. ಆಗ ಸದ್ದು, ದೊಡ್ಡದೇನಲ್ಲ, ಅಕ್ಕಿ ಮೂಟೆ ಇಳಿಸಿದಷ್ಟು. ತಿರುಗಿ ನೋಡಿದರೆ ನೀವು ಮಂಡಿಯೂರಿದ್ದ ಜಾಗದಲ್ಲಿ ತೊಡೆಮಟ್ಟದ ಮಣ್ಣು. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ ತೂಗುತ್ತದೆ. ಕೈಕಾಲು ನಡುಗುತ್ತಿವೆ. ಹಲ್ಲಿನ ನಡುವೆ ಮರಳು ಕರಕರ ಅನ್ನುತ್ತಿದೆ.

ದಿಣ್ಣೆಯ ಕೆಳಗೆ, ಇನ್ನೂರು ಹೆಜ್ಜೆಯಾಚೆ, ತಗ್ಗಿನಲ್ಲೊಂದು ಹೊಂಡ. ಬಾತುಕೋಳಿಗಳು ಈಜುತ್ತಿವೆ. ಹಿಮ ಬಿಟ್ಟುಹೋದ ಅದೇ ಕಲಬೆರಕೆ ಅಲ್ಲೂ ಅಡಿಯಲ್ಲಿದೆ, ಆದರೆ ಅಲ್ಲಿಯ ಮಣ್ಣಿನ ಹೆಸರು ಟೆಟೋಂಕ. ದಿಣ್ಣೆಯ ನೀರೆಲ್ಲ ಅಲ್ಲಿ ಸೇರಿ ನಿಲ್ಲುವುದರಿಂದ ಅದರ ಒಡಲು ಬೂದು. ಎರಡು ಆಳು ಎತ್ತರದ ಇಳಿಜಾರು ಇಷ್ಟೆಲ್ಲ ಮಾಡಿದೆ.

ಹಾಳೆ ತೊಡೆಯ ಮೇಲಿಟ್ಟು ಸೀಸದ ಕಡ್ಡಿಯಲ್ಲಿ ಬರೆಯುತ್ತೀರಿ: ಚೆನ್ನಾಗಿ ಬಸಿಯುವ ಮಣ್ಣು. ಅಕ್ಷರ ಸೊಟ್ಟಗಾಗಿದೆ. ಹಿರಿಯ ಓದಿ, ಕೆಳಗೆ ತನ್ನ ಸಹಿ ಹಾಕಿ, ಗುಂಡಿ ತೋಡಿದ ಯಂತ್ರದ ಚಾಲಕನತ್ತ ಕೈಬೀಸುತ್ತಾನೆ.

"ಹಳದಿ ಮೊದಲು," ಎಂದು ಕೂಗುತ್ತಾನೆ. "ಕಪ್ಪು ಕೊನೆಗೆ. ತಲೆಕೆಳಗಾದರೆ ಇಲ್ಲಿ ಹುಲ್ಲು ಬರೋದಿಲ್ಲ."