ಗುರುತು ಹಿಡಿಯದ ಗಣಕ

ಯಂತ್ರಗಳು ಸುಳ್ಳು ಹೇಳುವುದಿಲ್ಲವೆಂಬುದು ನಮ್ಮ ಕಾಲದ ದೊಡ್ಡ ನಂಬಿಕೆ. ಬಸ್ ನಿಲ್ದಾಣದ ತೂಕದ ಯಂತ್ರದ ಮೇಲೆ ನಿಂತ ಮನುಷ್ಯ ಚೀಟಿಯಲ್ಲಿ ಬಂದ ಅಂಕಿಯನ್ನು ಕಂಡು ತನ್ನ ಹೊಟ್ಟೆಯನ್ನು ಅನುಮಾನಿಸುತ್ತಾನೆಯೇ ಹೊರತು ಯಂತ್ರವನ್ನಲ್ಲ. ಈ ನಂಬಿಕೆಗೆ ಒಂದು ಸಣ್ಣ ತಿದ್ದುಪಡಿ ಅಗತ್ಯವೆಂದು ಕಳೆದ ಶ್ರಾವಣದಲ್ಲಿ ನಮ್ಮ ಮನೆಯ ಕಂಪ್ಯೂಟರು ತೋರಿಸಿಕೊಟ್ಟಿತು. ಯಂತ್ರ ಸುಳ್ಳು ಹೇಳಲಾರದು, ನಿಜ. ಆದರೆ ತನಗೆ ಗೊತ್ತಿಲ್ಲದ್ದನ್ನು ಗೊತ್ತಿರುವಷ್ಟೇ ಗಾಂಭೀರ್ಯದಿಂದ ಹೇಳಬಲ್ಲದು. ಈ ಗುಣವನ್ನು ನಾನು ಕೆಲವು ಮನುಷ್ಯರಲ್ಲಿಯೂ ಕಂಡಿದ್ದೇನೆ, ಅದಿರಲಿ.

‘ನಮ್ಮ ಮನೆಯ ಕಂಪ್ಯೂಟರು’ ಎಂದು ಬರೆಯುವಾಗ ನನಗೆ ಸ್ವಲ್ಪ ಹೆಮ್ಮೆಯೇ. ನಮ್ಮ ತಂದೆ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ವಿದ್ಯಾನಗರದ ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ಸಂಜೆಯ ಹೊತ್ತು ಟೈಪು ಮಾಡುತ್ತಿದ್ದೆ. ಅಂಗಡಿಯ ಅಣ್ಣ ಹೊಸ ಯಂತ್ರಗಳನ್ನು ತರಿಸಿದಾಗ ಹಳೆಯದೊಂದನ್ನು ನನ್ನ ಎರಡು ತಿಂಗಳ ಸಂಬಳದ ಬದಲು ನನಗೆ ಕೊಟ್ಟರು. ಅದರೊಳಗಿದ್ದ ಪ್ರೊಸೆಸರು 2006ನೆಯ ಇಸವಿಯ ಇಂಟೆಲ್ ಕೋರ್ 2 ಡ್ಯುಯೋ ಇ6300, ವೇಗ 1.86 ಗಿಗಾಹರ್ಟ್ಸ್. ಗೆಳೆಯರ ಪ್ರಾಜೆಕ್ಟ್ ವರದಿಗಳನ್ನು ಟೈಪು ಮಾಡಿಕೊಟ್ಟು ನನ್ನ ಪರೀಕ್ಷಾ ಶುಲ್ಕವನ್ನೂ ತಂಗಿಯ ಪುಸ್ತಕದ ಖರ್ಚನ್ನೂ ಆ ಯಂತ್ರದಿಂದಲೇ ಹುಟ್ಟಿಸುತ್ತಿದ್ದೆ. ಆದರೆ ವರದಿಯಲ್ಲಿ ನಾಲ್ಕು ಚಿತ್ರಗಳಿದ್ದರೆ ಸಾಕು, ಅದು ಏದುಸಿರು ಬಿಡುತ್ತಿತ್ತು.

ಇಡೀ ಯಂತ್ರವನ್ನು ಬದಲಿಸುವ ಶಕ್ತಿ ನನಗಿರಲಿಲ್ಲ. ಮೆದುಳನ್ನು ಮಾತ್ರ ಬದಲಿಸಬಹುದಾಗಿತ್ತು. ಹರಿಹರದಲ್ಲಿ ಹಳೆಯ ಬಿಡಿಭಾಗಗಳನ್ನು ಮಾರುವವರೊಬ್ಬರಿದ್ದಾರೆ. ಅವರ ಬಳಿ ಅದೇ ಕುಳಿಯಲ್ಲಿ ಕೂಡುವ ಕೋರ್ 2 ಕ್ವಾಡ್ ಕ್ಯೂ6600 ಎಂಬ ಚಿಪ್ಪು ಎಂಟುನೂರು ರೂಪಾಯಿಗೆ ಸಿಕ್ಕಿತು. ನಾಲ್ಕು ಕೋರುಗಳು, 2.40 ಗಿಗಾಹರ್ಟ್ಸ್ ವೇಗ. 2007ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ಕಾಲಕ್ಕೆ ಅದು ಸಿರಿವಂತರ ಚಿಪ್ಪು. ಎಂಟು ದಿನಗಳೊಳಗೆ ಹಿಂದಕ್ಕೆ ಕೊಡಬಹುದೆಂಬ ಕರಾರಾಯಿತು.

ಅದನ್ನು ಕೂರಿಸಿ, ಮೇಲೆ ಶಾಖದ ಲೇಪ ಹಚ್ಚಿ, ಫ್ಯಾನು ಬಿಗಿದು ಗುಂಡಿಯನ್ನೊತ್ತಿದೆ. ಪರದೆಯ ಮೇಲೆ ಮೊದಲು ಮೂಡಿದ ಸಾಲು, ‘ಅನ್‌ನೋನ್ ಸಿ.ಪಿ.ಯು., 1.60 ಗಿಗಾಹರ್ಟ್ಸ್’. ಅಂದರೆ, ‘ಈತ ಯಾರೋ ನಾನರಿಯೆ, ನಡಿಗೆಯೂ ನಿಧಾನ’ ಎಂದು. ತೆಗೆದಿಟ್ಟ ಮುದಿ ಚಿಪ್ಪು 1.86ರಲ್ಲಿ ಓಡುತ್ತಿತ್ತು, ಹಣ ಕೊಟ್ಟು ತಂದದ್ದು ಅದಕ್ಕಿಂತ ಹಿಂದೆ!

ಆ ಹೊತ್ತಿಗೆ ನಮ್ಮ ಸೋದರಮಾವ ಮನೆಯಲ್ಲಿದ್ದರು. ಅವರಿಗೆ ಕಂಪ್ಯೂಟರಿನ ಜ್ಞಾನ ಕಡಿಮೆ, ಲೋಕಜ್ಞಾನ ಹೆಚ್ಚು. “ನಾಕು ತಲೆ ಐತಿ ಅಂತ ಹೇಳಿ ಅರ್ಧ ತಲೇದು ಕೊಟ್ಟಾನ. ನಡಿ, ನಾಳೇನೇ ಹೋಗಿ ಕೊಳ್ಳಪಟ್ಟಿ ಹಿಡಿಯಾಣ” ಎಂದರು. ಅವರ ಸಿಟ್ಟಿಗೆ ಆಧಾರವಿಲ್ಲದೆ ಇರಲಿಲ್ಲ. 1990ರ ದಶಕದಲ್ಲಿ ಕಡಿಮೆ ವೇಗದ ಚಿಪ್ಪುಗಳ ಮೇಲಿನ ಮುದ್ರೆಯನ್ನು ಅಳಿಸಿ, ಹೆಚ್ಚಿನ ವೇಗವನ್ನು ಅಚ್ಚೊತ್ತಿ ಮಾರುವ ದಂಧೆ ಅನೇಕ ದೇಶಗಳಲ್ಲಿ ನಡೆದಿತ್ತು. ಆದರೆ ಹರಿಹರದ ಆ ಮನುಷ್ಯರು ನನಗೆ ಚಹಾ ತರಿಸಿಕೊಟ್ಟು, ಚಿಪ್ಪನ್ನು ಹತ್ತಿಯಲ್ಲಿ ಸುತ್ತಿಕೊಟ್ಟವರು. ಎಂಟುನೂರು ರೂಪಾಯಿಯ ಜೊತೆಗೆ ಒಬ್ಬರ ಮರ್ಯಾದೆಯೂ ಈಗ ನಮ್ಮ ಮೇಜಿನ ಮೇಲಿತ್ತು.

ತಂದೆಯವರು ಗೋಡೆಗೊರಗಿ ಕೂತು ಎಲ್ಲವನ್ನೂ ಕೇಳುತ್ತಿದ್ದರು. “ಅಕ್ಕಿ ಅರಳದಿದ್ರೆ ಅಕ್ಕೀನ ಬಯ್ಯಾಕಿಂತ ಮೊದ್ಲು ಉಸುಕು ಕಾದೈತೋ ಇಲ್ಲೋ ನೋಡ್ಬೇಕು, ತಮ್ಮಾ” ಎಂದಷ್ಟೇ ಹೇಳಿ ಮಲಗಲು ಎದ್ದರು. ಭಟ್ಟಿಯಲ್ಲಿ ಕಾದ ಮರಳಿಗೆ ಅಕ್ಕಿ ಬಿದ್ದ ಕ್ಷಣವೇ ಅರಳಬೇಕು. ಅರಳದೆ ಹೋದರೆ ತಪ್ಪು ಅಕ್ಕಿಯದೂ ಇರಬಹುದು, ಮರಳಿನದೂ ಇರಬಹುದು.

ಇಲ್ಲಿ ಮರಳು ಯಾವುದು? ಪ್ರೊಸೆಸರಿಗೆ ತನ್ನ ಹೆಸರು ತನಗೇ ಗೊತ್ತಿರುತ್ತದೆ. 1993ರಲ್ಲಿ ಪೆಂಟಿಯಂ ಬಂದಾಗಿನಿಂದ ‘ಸಿಪಿಯುಐಡಿ’ ಎಂಬೊಂದು ಆದೇಶವಿದೆ, ‘ನೀನಾರು?’ ಎಂದು ಕೇಳಿದಂತೆ. ಚಿಪ್ಪು ತನ್ನ ವಂಶ, ಮಾದರಿ, ಪರಿಷ್ಕರಣೆಯ ಸಂಖ್ಯೆ ಇವನ್ನು ಹೇಳುತ್ತದೆ. ಮುಂದಿನ ಚಿಪ್ಪುಗಳು ಪೂರ್ತಿ ಹೆಸರನ್ನೇ ಹೇಳುತ್ತವೆ. ಆದರೆ ಯಂತ್ರ ಏಳುವ ಹೊತ್ತಿನಲ್ಲಿ ಈ ಉತ್ತರವನ್ನು ಕೇಳಿಸಿಕೊಳ್ಳುವುದು ಮದರ್‌ಬೋರ್ಡಿನ ಮೇಲಿರುವ ಬಯಾಸು ಎಂಬ ಸಣ್ಣ ತಂತ್ರಾಂಶ. ಅದರ ಬಳಿ ಒಂದು ಪಟ್ಟಿಯಿದೆ. ಉತ್ತರ ಪಟ್ಟಿಯಲ್ಲಿದ್ದರೆ ಸ್ವಾಗತ, ಇಲ್ಲದಿದ್ದರೆ ‘ಅನ್‌ನೋನ್’. ಒಮ್ಮೆ ನಾನೊಂದು ಅರ್ಜಿಯನ್ನು ತುಂಬುವಾಗ ‘ತಂದೆಯ ಉದ್ಯೋಗ’ ಎಂಬಲ್ಲಿ ಮಂಡಕ್ಕಿ ಭಟ್ಟಿ ಇರಲಿಲ್ಲವಾಗಿ ‘ಇತರೆ’ ಎಂದು ಒತ್ತಬೇಕಾಯಿತು. ಮೂವತ್ತು ವರ್ಷ ಬೆಂಕಿಯ ಮುಂದೆ ನಿಂತವರು ‘ಇತರೆ’! ಆ ದಿನದಿಂದ ಪಟ್ಟಿಗಳ ಮೇಲೆ ನನಗೆ ಭಕ್ತಿ ಕಡಿಮೆ.

ಆದ್ದರಿಂದ ಬಯಾಸನ್ನು ಬಿಟ್ಟು ಎರಡನೆಯ ಸಾಕ್ಷಿಯನ್ನು ವಿಚಾರಿಸಿದೆ. ಲಿನಕ್ಸಿನಲ್ಲಿ ‘ಎಲ್‌ಎಸ್‌ಸಿಪಿಯು’ ಎಂದು ಬರೆದರೆ ಅದು ಚಿಪ್ಪಿನ ಬಾಯಿಂದಲೇ ಕೇಳಿ ಹೇಳುತ್ತದೆ. ಉತ್ತರ ಸ್ಪಷ್ಟವಾಗಿತ್ತು: ಕೋರ್ 2 ಕ್ವಾಡ್ ಕ್ಯೂ6600, 2.40 ಗಿಗಾಹರ್ಟ್ಸ್, ಕೋರುಗಳು ನಾಲ್ಕು. ಮುಚ್ಚಳದ ಮೇಲಿನ ಅಕ್ಷರಗಳನ್ನು ಅಳಿಸಿ ತಿದ್ದಬಹುದು. ಒಳಗಿನ ಈ ಹೆಸರನ್ನು ಅಂಗಡಿಯಲ್ಲಿ ಕೂತು ಯಾರೂ ತಿದ್ದಲಾರರು. ಇನ್ನೊಂದು ಸ್ವಾರಸ್ಯ. ಈ ಚಿಪ್ಪಿನಲ್ಲಿ ಒಂದೇ ಮುಚ್ಚಳದ ಕೆಳಗೆ ಎರಡು ಸಿಲಿಕಾನ್ ತುಣುಕುಗಳಿವೆ, ಒಂದೊಂದರಲ್ಲಿ ಎರಡೆರಡು ಕೋರು. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಗುಡಿಯಲ್ಲಿ ಒಂದೇ ಮೂರ್ತಿ, ಅರ್ಧ ಹರ, ಅರ್ಧ ಹರಿ. ಆ ಊರಿನಿಂದಲೇ ತಂದ ಚಿಪ್ಪು ಹೀಗಿದ್ದುದು ಉಚಿತವೆನ್ನಿಸಿತು.

ಅಂತೂ ಹೆಸರು ಸರಿ. ಹಾಗಾದರೆ ವೇಗವೇಕೆ ಕಡಿಮೆ? ಲೆಕ್ಕ ಸುಲಭ. ಬೋರ್ಡಿನ ಮೂಲ ಗಡಿಯಾರದ ಬಡಿತ ಸೆಕೆಂಡಿಗೆ 266 ಮೆಗಾಹರ್ಟ್ಸಿಗಿಂತ ತುಸು ಹೆಚ್ಚು. ಅದನ್ನು ಒಂಬತ್ತರಿಂದ ಗುಣಿಸಿದರೆ 2400, ಆರರಿಂದ ಗುಣಿಸಿದರೆ 1600. ಗುರುತು ಸಿಗದ ಚಿಪ್ಪಿಗೆ ನಮ್ಮ ಬಯಾಸು ಅತಿ ಕಡಿಮೆಯ ಗುಣಕವಾದ ಆರನ್ನು ಕೊಟ್ಟು ಕೈತೊಳೆದುಕೊಂಡಿತ್ತು. ನಾಲ್ಕೂ ಕೋರುಗಳಿಗೆ ಭಾರ ಹೊರಿಸಿ ನೋಡಿದೆ, 1600ರಿಂದ ಕದಲಲಿಲ್ಲ.

ಚಿಕ್ಕಪುಟ್ಟ ಮದ್ದುಗಳನ್ನೆಲ್ಲ ಮೊದಲು ಮಾಡಿದೆ. ಬೋರ್ಡಿನ ಮೂರು ವೋಲ್ಟಿನ ಬಿಲ್ಲೆ ಬ್ಯಾಟರಿ ಬದಲಿಸಿದೆ, ಹಳೆಯ ಸೆಟ್ಟಿಂಗುಗಳನ್ನು ಅಳಿಸಿದೆ. ಫಲವಿಲ್ಲ. ಆಗ ಬಯಾಸಿನ ದಿನಾಂಕ ಕಣ್ಣಿಗೆ ಬಿತ್ತು: 2006ರ ಸೆಪ್ಟೆಂಬರ್. ಚಿಪ್ಪು ಹೊರಬಂದದ್ದು 2007ರಲ್ಲಿ! ಹುಟ್ಟುವ ಮೊದಲೇ ಬರೆದ ಪಟ್ಟಿಯಲ್ಲಿ ಅದರ ಹೆಸರು ಇರುವುದಾದರೂ ಹೇಗೆ? ಬೋರ್ಡು ಮಾಡಿದವರು ಆಮೇಲೆ ಹೊಸ ಬಯಾಸುಗಳನ್ನು ಹೊರಡಿಸಿದ್ದರು. ಅವರ ಪಟ್ಟಿಯಲ್ಲಿ ಕ್ಯೂ6600 ಇತ್ತು.

ಹೊಸ ಬಯಾಸನ್ನು ಬರೆಯುವುದು ಎರಡು ಮೂರು ನಿಮಿಷದ ಕೆಲಸ. ಆದರೆ ನಡುವೆ ಕರೆಂಟು ಹೋದರೆ ಬೋರ್ಡು ಮತ್ತೆ ಏಳುವುದೇ ಅನುಮಾನ. ಚಿಪ್ಪು ಹೋದರೆ ಎಂಟುನೂರು. ಬೋರ್ಡು ಹೋದರೆ ನನ್ನ ಶುಲ್ಕ, ತಂಗಿಯ ಪುಸ್ತಕ ಎಲ್ಲವೂ. ಡಿ.ಟಿ.ಪಿ. ಅಂಗಡಿಯ ಅಣ್ಣನಿಂದ ಒಂದು ದಿನದ ಮಟ್ಟಿಗೆ ಯು.ಪಿ.ಎಸ್. ಬೇಡಿ ತಂದೆ. ನಮ್ಮ ಓಣಿಯಲ್ಲಿ ಬೆಳಗಿನ ಜಾವ ಕರೆಂಟು ನಿಶ್ಚಿಂತೆಯಾಗಿರುವುದರಿಂದ ಐದು ಗಂಟೆಗೆ ಎದ್ದು ಕುಳಿತೆ. ಅವ್ವ ಒಲೆಯ ಕೆಲಸ ಬಿಟ್ಟು ಬಾಗಿಲಲ್ಲಿ ನಿಂತಳು; ತಂಗಿ ಯಾರೂ ಸ್ವಿಚ್ಚು ಮುಟ್ಟದಂತೆ ಕಾವಲು ನಿಂತಳು. ಪರದೆಯ ಮೇಲೆ ಪಟ್ಟಿಯೊಂದು ಎಡದಿಂದ ಬಲಕ್ಕೆ ತುಂಬುತ್ತ ಹೋಯಿತು. ಪರೀಕ್ಷೆಯ ಫಲಿತಾಂಶಕ್ಕೂ ನಾನು ಅಷ್ಟು ಉಸಿರು ಬಿಗಿಹಿಡಿದವನಲ್ಲ.

ಯಂತ್ರ ಆರಿತು, ಮತ್ತೆ ಹೊತ್ತಿತು. ಮೊದಲ ಸಾಲಿನಲ್ಲೇ ಪೂರ್ತಿ ಹೆಸರು, 2.40 ಗಿಗಾಹರ್ಟ್ಸ್. ತಂದೆಯವರು ಭಟ್ಟಿಗೆ ಹೊರಟವರು ಹೆಗಲ ಮೇಲಿನ ಟವೆಲು ಸರಿಮಾಡಿಕೊಳ್ಳುತ್ತ ಬಗ್ಗಿ ನೋಡಿ, “ಹೆಸರು ಬಂತಾ?” ಎಂದರು. ಬಂತೆಂದೆ.

ಸಂಜೆ ತಂಗಿ ಓಡಿಬಂದು, “ಅಣ್ಣಾ, ಮತ್ತೆ 1600 ತೋರಿಸ್ತೈತಿ!” ಎಂದು ಕೂಗಿದಳು. ಇದು ರೋಗವಲ್ಲ. ಕೆಲಸವಿಲ್ಲದಾಗ ಈ ಜಾತಿಯ ಚಿಪ್ಪುಗಳು ವಿದ್ಯುತ್ತನ್ನೂ ಶಾಖವನ್ನೂ ಉಳಿಸಲು ತಾವಾಗಿಯೇ ಆರರ ಗುಣಕಕ್ಕೆ ಇಳಿಯುತ್ತವೆ. ಕೆಲಸ ಕೊಟ್ಟೊಡನೆ ಒಂಬತ್ತಕ್ಕೆ ಏರುತ್ತವೆ. ಒಂದು ಚಿತ್ರವನ್ನು ತೆರೆದು ತೋರಿಸಿದ ಮೇಲೆ ಅವಳಿಗೆ ಸಮಾಧಾನವಾಯಿತು. ಸೋದರಮಾವನವರಿಗೆ ಇನ್ನೂ ಆಗಿಲ್ಲ.

ಹರಿಹರದ ಅಂಗಡಿಯವರಿಗೆ ಫೋನು ಮಾಡಿ ನಡೆದದ್ದನ್ನು ತಿಳಿಸಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಂಥದೇ ಎರಡು ಚಿಪ್ಪುಗಳನ್ನು ‘ಡೂಪ್ಲಿಕೇಟು’ ಎಂದು ಬೈದು ಗಿರಾಕಿಗಳು ಹಿಂದಕ್ಕೆ ಎಸೆದು ಹೋಗಿದ್ದಾರಂತೆ. ಆ ಬೋರ್ಡುಗಳ ಬಯಾಸು ಯಾವ ಇಸವಿಯದೆಂದು ಕೇಳಿ ಇಡುತ್ತೇನೆ, ಬಿಡುವಾದಾಗ ಬಂದು ನೋಡಿ ಎಂದರು. ಭಾನುವಾರ ಪೆನ್‌ಡ್ರೈವು ಹಿಡಿದು ಹರಿಹರದ ಬಸ್ಸು ಹತ್ತಬೇಕೆಂದಿದ್ದೇನೆ.